ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರ್ ಕೂಗುವುದಿಲ್ಲ. ಹಾಗಾದರೆ ಬೇಳೆ ಬೆಂದ ಲೆಕ್ಕವನ್ನು ಇಡುವುದು ಹೇಗೆ?

ಕಲ್ಪತರುನಾಡು

ಎಲ್ಲರಿಗೂ ನಮಸ್ಕಾರ. ನಾವು ತುಮಕೂರಿನ ಹೊರವಲಯದಲ್ಲಿದ್ದೇವೆ. ಅತ್ತೆಯವರಿಗೆ ಒಲೆಯ ಮುಂದೆ ಹೆಚ್ಚು ಹೊತ್ತು ನಿಲ್ಲಲು ಆಗದೆಂದು ಎರಡು ತಿಂಗಳ ಹಿಂದೆ ಆರು ಲೀಟರಿನ, 1000 ವಾಟ್‌ನ ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರ್ ತಂದೆವು. ಅನ್ನ ಚೆನ್ನಾಗಿ ಆಗುತ್ತಿದೆ. ತೊಂದರೆ ಇರುವುದು ತೊಗರಿಬೇಳೆಯಲ್ಲಿ. ಒಲೆಯ ಮೇಲಿನ ಕುಕ್ಕರಿನಲ್ಲಿ ನಾಲ್ಕು ಕೂಗು ಕೂಗಿಸಿದರೆ ಕಲಸಿಹೋಗುತ್ತಿದ್ದ ಬೇಳೆ, ಇದರಲ್ಲಿ 10 ನಿಮಿಷ ಇಟ್ಟು ಮುಚ್ಚಳ ತೆಗೆದರೆ ಕಾಳು ಕಾಳಾಗಿಯೇ ಕಾಣುತ್ತದೆ. ಅತ್ತೆಯವರು ಕೇಳುವ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ: "ಕೂಗೋದೇ ಇಲ್ಲ, ಆವಿನೂ ಹೊರಗೆ ಬರಲ್ಲ, ಒಳಗೆ ಪ್ರೆಶರ್ ಆಗಿದೆ ಅಂತ ಹೇಗಮ್ಮ ನಂಬೋದು?"

ಒಂದು ಕೂಗಿಗೆ ಎಷ್ಟು ನಿಮಿಷ ಎಂಬ ಪಟ್ಟಿಯನ್ನು ಯಾರಾದರೂ ಕೊಟ್ಟರೆ ಉಪಕಾರವಾಗುತ್ತದೆ. ಅದರ ಜೊತೆಗೆ ಈ ಯಂತ್ರ ಒಳಗೆ ಏನು ಮಾಡುತ್ತದೆ ಎಂಬುದನ್ನೂ ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ, ಏಕೆಂದರೆ ಪಟ್ಟಿಯನ್ನು ಮಾತ್ರ ಕೊಟ್ಟರೆ ನಮ್ಮ ಅತ್ತೆಯವರು ಒಪ್ಪುವುದಿಲ್ಲ.

ಉಷ್ಣಮಾಪಕ

ನಿಮ್ಮ ಅತ್ತೆಯವರ ಪ್ರಶ್ನೆ ಸರಿಯಾದ ಪ್ರಶ್ನೆ. ನಾನು ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಟ್ಟವನು. ಕುಕ್ಕರಿನ ವಿಷಯದಲ್ಲಿ ಮಕ್ಕಳಿಗಷ್ಟೇ ಅಲ್ಲ, ಹಿರಿಯರಿಗೂ ಇರುವ ಒಂದು ತಪ್ಪು ಕಲ್ಪನೆಯನ್ನು ಮೊದಲು ಹೇಳಿಬಿಡುತ್ತೇನೆ. ಬೇಳೆಯನ್ನು ಬೇಯಿಸುವುದು ಒತ್ತಡವಲ್ಲ, ಉಷ್ಣತೆ. ತೆರೆದ ಪಾತ್ರೆಯಲ್ಲಿ ನೀರು ಕುದಿಯುವ ಮಟ್ಟವನ್ನು ತಲುಪಿದ ಮೇಲೆ ನೀವು ಉರಿಯನ್ನು ಎಷ್ಟೇ ಹೆಚ್ಚಿಸಿದರೂ ಅದು ಇನ್ನೂ ಬಿಸಿಯಾಗುವುದಿಲ್ಲ; ಕೊಟ್ಟ ಶಾಖವೆಲ್ಲ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಸಮುದ್ರಮಟ್ಟದಲ್ಲಿ ಆ ಮಿತಿ 100 ಡಿಗ್ರಿ ಸೆಲ್ಸಿಯಸ್; ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ 97 ಡಿಗ್ರಿಯ ಆಸುಪಾಸು. ಆವಿಯನ್ನು ಹೊರಗೆ ಬಿಡದೆ ಹಿಡಿದಿಟ್ಟರೆ ನೀರಿನ ಮೇಲೆ ಒತ್ತಡ ಏರುತ್ತದೆ, ಒತ್ತಡ ಏರಿದಂತೆ ಕುದಿಯುವ ಮಿತಿಯೂ ಮೇಲೆ ಸರಿಯುತ್ತದೆ. ಒತ್ತಡದ ಕೆಲಸ ಅಷ್ಟೇ.

ನಮ್ಮ ದೇಶದ ಒಲೆ ಕುಕ್ಕರುಗಳ ವೇಟ್ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ಒತ್ತಡದಲ್ಲಿ ಏಳುವಂತೆ ಮಾಡಿರುತ್ತಾರೆ. ಇದು ಹೊರಗಿನ ಗಾಳಿಯ ಒತ್ತಡಕ್ಕಿಂತ ಹೆಚ್ಚಾಗಿ ಒಳಗಿರುವ ಒತ್ತಡ. ಆವಿ ಹೊರಡುವ ನಳಿಕೆಯ ರಂಧ್ರ 3 ಮಿಲಿಮೀಟರ್ ಅಗಲವಿದ್ದರೆ ಅದರ ವಿಸ್ತೀರ್ಣ ಲೆಕ್ಕ ಹಾಕಿ ನೋಡಿ, ಸುಮಾರು 70 ಗ್ರಾಂ ತೂಕ ಸಾಕಾಗುತ್ತದೆ. ಅಷ್ಟು ಸಣ್ಣ ತೂಕ ಇಡೀ ಕುಕ್ಕರಿನ ಉಷ್ಣತೆಯನ್ನು 120 ಡಿಗ್ರಿಗೆ ಕಟ್ಟಿಹಾಕುತ್ತದೆ. ಒತ್ತಡದ ಇನ್ನೊಂದು ಅಳತೆಯಾದ ಕಿಲೋಪ್ಯಾಸ್ಕಲ್ಲಿನಲ್ಲಿ ಹೇಳಿದರೆ ಆ 1 ಕಿಲೋಗ್ರಾಂ ಒತ್ತಡ ಸುಮಾರು 98. ಎಲೆಕ್ಟ್ರಿಕ್ ಕುಕ್ಕರುಗಳು ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ ಒತ್ತಡದಲ್ಲಿ, ಎಂದರೆ 70ರಿಂದ 80 ಕಿಲೋಪ್ಯಾಸ್ಕಲ್‌ನಲ್ಲಿ ಕೆಲಸ ಮಾಡುತ್ತವೆ. ಸಮುದ್ರಮಟ್ಟದಲ್ಲಿ ಅದು 115ರಿಂದ 117 ಡಿಗ್ರಿಗೆ ಸಮ. ಅಲ್ಲಿಗೆ ಎರಡರ ನಡುವೆ ನಾಲ್ಕು ಡಿಗ್ರಿಯಷ್ಟು ವ್ಯತ್ಯಾಸವಿದೆ. ಕೇಳಲು ಅಲ್ಪವೆನಿಸಿದರೂ ಕಾಳುಗಳು ಬೇಯುವ ವೇಗ ಪ್ರತಿ 10 ಡಿಗ್ರಿಗೆ ಹೆಚ್ಚುಕಡಿಮೆ ಇಮ್ಮಡಿಯಾಗುವುದರಿಂದ, ಒಲೆಯ ಕುಕ್ಕರಿನಲ್ಲಿ ಪೂರ್ಣ ಒತ್ತಡದಲ್ಲಿ 10 ನಿಮಿಷ ಬೇಕಾದದ್ದಕ್ಕೆ ಇಲ್ಲಿ 13 ನಿಮಿಷವಾದರೂ ಬೇಕು.

ಇನ್ನು ಕೂಗಿಗೆ ಎಷ್ಟು ನಿಮಿಷ ಎಂಬ ಪಟ್ಟಿ. ಅಂಥದ್ದನ್ನು ಯಾರೂ ಪ್ರಾಮಾಣಿಕವಾಗಿ ಕೊಡಲಾರರು. ಕೂಗು ಎಂದರೆ ಬೇಕಾದದ್ದಕ್ಕಿಂತ ಹೆಚ್ಚಾದ ಶಾಖ ಆವಿಯಾಗಿ ಹೊರಟುಹೋದ ಸದ್ದು. ಉರಿ ದೊಡ್ಡದಿದ್ದರೆ ಐದು ನಿಮಿಷದಲ್ಲಿ ಐದು ಕೂಗು ಬರುತ್ತದೆ, ಉರಿ ಸಣ್ಣದಾದರೆ ಅದೇ ಐದು ಕೂಗಿಗೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಎರಡರಲ್ಲೂ ಒಳಗಿನ ಉಷ್ಣತೆ ಮಾತ್ರ ಸರಿಸುಮಾರು ಒಂದೇ. ಬೇಳೆಗೆ ಬೇಕಾದದ್ದು ಆ ಉಷ್ಣತೆಯಲ್ಲಿ ಕಳೆದ ನಿಮಿಷಗಳು. ನಿಮ್ಮ ಅತ್ತೆಯವರ ನಾಲ್ಕು ಕೂಗು ಇಷ್ಟು ವರ್ಷ ಸರಿಯಾಗಿ ನಡೆದದ್ದು ಅದೇ ಒಲೆ, ಅದೇ ಉರಿ, ಅದೇ ಕುಕ್ಕರ್, ಅದೇ ಅಳತೆಯ ಬೇಳೆ ಇದ್ದುದರಿಂದ.

ದುರಸ್ತಿಮನೆ

ನಾನು ಹುಬ್ಬಳ್ಳಿಯಲ್ಲಿ ಗೃಹೋಪಯೋಗಿ ಉಪಕರಣಗಳ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಒಳಗೆ ಪ್ರೆಶರ್ ಆದದ್ದು ಯಂತ್ರಕ್ಕೆ ಗೊತ್ತಾಗುವ ಬಗೆಯನ್ನು ಉಷ್ಣಮಾಪಕ ಸರ್ ನನಗೇ ಬಿಟ್ಟಿದ್ದಾರೆಂದುಕೊಂಡು ಬರೆಯುತ್ತಿದ್ದೇನೆ.

ಒಲೆಯ ಕುಕ್ಕರಿನಲ್ಲಿ ಮುಚ್ಚಳ ಪಾತ್ರೆಗೇ ಬಿಗಿದಿರುತ್ತದೆ. ಎಲೆಕ್ಟ್ರಿಕ್ ಕುಕ್ಕರಿನಲ್ಲಿ ಹಾಗಲ್ಲ. ಅದರ ಮುಚ್ಚಳ ಬಿಗಿಯುವುದು ಹೊರಗಿನ ಗಟ್ಟಿ ಕವಚಕ್ಕೆ. ಒಳಗಿನ ಸ್ಟೀಲ್ ಪಾತ್ರೆ ಯಾವುದಕ್ಕೂ ಅಂಟಿಕೊಳ್ಳದೆ ತಳದ ಹೀಟರ್ ತಟ್ಟೆಯ ಮೇಲೆ ಕೇವಲ ಕುಳಿತಿರುತ್ತದೆ. ಹೆಚ್ಚಿನವರು ಗಮನಿಸದ ಈ ಒಂದು ಸಂಗತಿಯಲ್ಲೇ ಇಡೀ ಯಂತ್ರದ ಗುಟ್ಟು ಅಡಗಿದೆ. ಒಳಗೆ ಆವಿ ಒತ್ತತೊಡಗಿದಾಗ ಮುಚ್ಚಳ ಮೇಲಕ್ಕೆ ಹೋಗಲಾರದು, ಹಾಗಾಗಿ ಪಾತ್ರೆಯೇ ಕೆಳಕ್ಕೆ ಒತ್ತಲ್ಪಡುತ್ತದೆ. 22 ಸೆಂಟಿಮೀಟರ್ ಅಗಲದ ಪಾತ್ರೆ ಎಂದುಕೊಳ್ಳಿ, ವಿಸ್ತೀರ್ಣ 380 ಚದರ ಸೆಂಟಿಮೀಟರ್. 70 ಕಿಲೋಪ್ಯಾಸ್ಕಲ್‌ನಲ್ಲಿ ಅದರ ಮೇಲೆ ಬೀಳುವ ಬಲ ಸುಮಾರು 270 ಕಿಲೋ ತೂಕಕ್ಕೆ ಸಮ. ಎಂದರೆ 50 ಕಿಲೋದ ಐದು ಅಕ್ಕಿಮೂಟೆಗಳನ್ನು ಒಂದರ ಮೇಲೊಂದು ಪೇರಿಸಿ ಪಾತ್ರೆಯೊಳಗೆ ಇಟ್ಟಂತೆ.

ಹೀಟರ್ ತಟ್ಟೆಯನ್ನು ಹೊತ್ತಿರುವುದು ಸ್ವಲ್ಪವೇ ಬಾಗುವಂಥ ಸ್ಟೀಲಿನ ಆಧಾರ. ಆ ಬಲಕ್ಕೆ ಅದು ಕೂದಲೆಳೆಯಷ್ಟು ಕೆಳಗೆ ತಗ್ಗುತ್ತದೆ. ತಳದ ಸ್ಕ್ರೂಗಳನ್ನು ಬಿಚ್ಚಿ ನೋಡಿದರೆ ತಟ್ಟೆಯ ಪಕ್ಕದಲ್ಲಿ ಒಂದು ಸಣ್ಣ ಸ್ವಿಚ್ ಕಾಣುತ್ತದೆ. ತಟ್ಟೆ ನಿಗದಿತ ಮಟ್ಟಕ್ಕೆ ತಗ್ಗಿದಾಗ ಅದರ ಸಂಪರ್ಕ ತಪ್ಪುತ್ತದೆ, ಆಗ ಒತ್ತಡ ಆಯಿತೆಂದು ತಿಳಿದ ಸರ್ಕ್ಯೂಟ್ ಹೀಟರನ್ನು ನಿಲ್ಲಿಸಿ ನಿಮಿಷಗಳ ಎಣಿಕೆಯನ್ನು ಶುರುಮಾಡುತ್ತದೆ. ಒತ್ತಡ ಇಳಿದು ತಟ್ಟೆ ಮೇಲೆ ಬಂದರೆ ಹೀಟರ್ ಮತ್ತೆ ಹೊತ್ತಿಕೊಳ್ಳುತ್ತದೆ. ಕುಕ್ಕರ್ ನಡೆಯುತ್ತಿರುವಾಗ ಕಿವಿಗೊಟ್ಟು ಕೇಳಿ, ಆಗಾಗ "ಟಿಕ್" ಎಂಬ ಸಣ್ಣ ಸದ್ದು ಬರುತ್ತದೆ. ಅದು ಹೀಟರಿನ ರಿಲೇ, ಎಂದರೆ ಹೀಟರಿಗೆ ಕರೆಂಟನ್ನು ಕೊಟ್ಟು ಕಡಿಯುವ ಸ್ವಿಚ್. ನಿಮ್ಮ ಅತ್ತೆಯವರಿಗೆ ಹೇಳಿ, ಈ ಕುಕ್ಕರಿನ ಕೂಗು ಅದೇ.

ತಟ್ಟೆಯ ನಡುವಿನ ತೂತಿನಲ್ಲಿ ಸ್ಪ್ರಿಂಗ್ ಮೇಲೆ ಕುಳಿತ ಗುಂಡಿಯಂಥದ್ದೊಂದು ಇರುತ್ತದೆ, ಬೆರಳಿನಿಂದ ಒತ್ತಿದರೆ ಒಳಗೆ ಹೋಗಿ ಮತ್ತೆ ಮೇಲೆ ಬರುತ್ತದೆ. ಅದು ಉಷ್ಣತೆಯ ಸೆನ್ಸರ್. ಪಾತ್ರೆಯ ತಳವನ್ನು ಸದಾ ಮುಟ್ಟಿಕೊಂಡಿದ್ದು ತಳ ಅತಿಯಾಗಿ ಕಾದರೆ ಹೀಟರನ್ನು ನಿಲ್ಲಿಸುವುದು ಅದರ ಕೆಲಸ. ಇದೂ ಕೈಕೊಟ್ಟರೆ ಥರ್ಮಲ್ ಫ್ಯೂಸ್ ಸುಟ್ಟು ಕರೆಂಟೇ ಕಡಿದುಹೋಗುತ್ತದೆ.

ನನ್ನ ಅಂಗಡಿಗೆ ಬರುವ ಕುಕ್ಕರುಗಳಲ್ಲಿ ಹೆಚ್ಚಿನವು ಕೆಟ್ಟಿರುವುದು ಒಂದೇ ಕಾರಣಕ್ಕೆ. ಒಳಪಾತ್ರೆ ಇಡುವುದನ್ನು ಮರೆತು ಅಕ್ಕಿ ನೀರನ್ನು ನೇರವಾಗಿ ಹೀಟರ್ ಮೇಲೆ ಸುರಿದಿರುತ್ತಾರೆ. ಪಾತ್ರೆಯನ್ನು ತೊಳೆಯಲು ತೆಗೆದಿಟ್ಟಾಗ ಮುಚ್ಚಳವನ್ನು ಕುಕ್ಕರಿಗೆ ಮುಚ್ಚಬೇಡಿ, ಪಕ್ಕಕ್ಕಿಡಿ. ಆಗ ಪಾತ್ರೆ ಇಲ್ಲದ್ದು ಕಣ್ಣಿಗೆ ಬೀಳುತ್ತದೆ. ಇನ್ನೊಂದು, ತೊಳೆದ ಪಾತ್ರೆಯ ತಳವನ್ನು ಬಟ್ಟೆಯಲ್ಲಿ ಒರೆಸಿಯೇ ಒಳಗಿಡಬೇಕು. ಒಂದು ಅಕ್ಕಿಕಾಳು ತಟ್ಟೆಯ ಮೇಲೆ ಉಳಿದರೂ ಪಾತ್ರೆ ಓರೆಯಾಗಿ ಕೂತು ಸೆನ್ಸರಿಗೆ ತಪ್ಪು ಮಾಹಿತಿ ಹೋಗುತ್ತದೆ.

ಕಲ್ಪತರುನಾಡು

ಅಣ್ಣಾ, ನಿಮ್ಮ ಅಕ್ಕಿಮೂಟೆಯ ಉದಾಹರಣೆಯನ್ನು ಅತ್ತೆಯವರಿಗೆ ಓದಿ ಹೇಳಿದೆ. ಕುಕ್ಕರಿನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು "ಟಿಕ್" ಸದ್ದನ್ನು ಕೇಳಿಸಿಕೊಂಡರು. ಪ್ರೆಶರ್ ಆಗುತ್ತದೆ ಎಂಬುದನ್ನು ಒಪ್ಪಿದ್ದಾರೆ. ಆದರೆ ಮೊದಲ ಹತ್ತು ನಿಮಿಷ ಮುಚ್ಚಳದ ಸಣ್ಣ ಪಿನ್ನಿನ ಬಳಿ ಆವಿ ಸೋರುತ್ತದೆ, ಆಮೇಲೆ ಪಿನ್ ಮೇಲೆದ್ದು ನಿಂತುಬಿಡುತ್ತದೆ. ಆ ಸೋರಿಕೆ ದೋಷವೇ? ಬೇಳೆ ಬೇಯದಿರುವುದು ಅದರಿಂದಲೇ ಇರಬಹುದೇ?

ಉಷ್ಣಮಾಪಕ

ಅದು ದೋಷವಲ್ಲ, ಆಗಲೇಬೇಕಾದ ಕೆಲಸ. ಮುಚ್ಚಳ ಹಾಕುವಾಗ ಪಾತ್ರೆಯ ಖಾಲಿ ಜಾಗದಲ್ಲಿ ಗಾಳಿ ತುಂಬಿರುತ್ತದೆ. ಆ ಗಾಳಿ ಒಳಗೇ ಉಳಿದರೆ ಅದೂ ಒತ್ತಡಕ್ಕೆ ತನ್ನ ಪಾಲನ್ನು ಸೇರಿಸುತ್ತದೆ, ಆದರೆ ಉಷ್ಣತೆಗೆ ಏನನ್ನೂ ಸೇರಿಸುವುದಿಲ್ಲ. ಯಂತ್ರದ 75ಕ್ಕೆ ಹೊರಗಿನ ವಾತಾವರಣದ ಸುಮಾರು 100ನ್ನು ಕೂಡಿ ಬರುವ ಒಟ್ಟು 175 ಕಿಲೋಪ್ಯಾಸ್ಕಲ್‌ನಲ್ಲಿ 20ರಷ್ಟು ಗಾಳಿಯದ್ದಾದರೆ ಆವಿಯ ಪಾಲು 155 ಮಾತ್ರ. 116 ಡಿಗ್ರಿ ಇರಬೇಕಾದ ಕಡೆ 112ರ ಸುಮಾರಿಗೆ ನಿಲ್ಲುತ್ತದೆ. ಸ್ವಿಚ್ಚಿಗೆ ಬಲ ಮಾತ್ರ ತಿಳಿಯುವುದರಿಂದ ಅದು ಮೋಸಹೋಗುತ್ತದೆ. ಆದ್ದರಿಂದಲೇ ಪಿನ್ನನ್ನು ಮೊದಲು ಸಡಿಲವಾಗಿ ಬಿಟ್ಟಿರುತ್ತಾರೆ. ಏಳುವ ಆವಿ ಗಾಳಿಯನ್ನು ಮುಂದೆ ತಳ್ಳಿಕೊಂಡು ಹೊರಗೆ ಹೋಗುತ್ತದೆ. ಆವಿಯ ರಭಸ ಸಾಕಷ್ಟಾದಾಗ ಪಿನ್ ಮೇಲಕ್ಕೆದ್ದು ಅದರ ತುದಿಯ ಸಿಲಿಕೋನ್ ಟೊಪ್ಪಿ ರಂಧ್ರವನ್ನು ಮುಚ್ಚುತ್ತದೆ. ಮೇಲೆದ್ದ ಪಿನ್ನೇ ಮುಚ್ಚಳ ತಿರುಗದಂತೆ ಅಗುಳಿಯಾಗಿಯೂ ನಿಲ್ಲುತ್ತದೆ.

ಇದನ್ನು ನಿಮ್ಮ ಅತ್ತೆಯವರಿಗೆ ವಿವರಿಸುವುದು ಕಷ್ಟವಾಗದು. ನಮ್ಮ ತಾಯಂದಿರು ಕುಕ್ಕರಿನ ನಳಿಕೆಯಲ್ಲಿ ಆವಿ ಸುಯ್ಯೆಂದು ಬರುವವರೆಗೆ ಕಾದು ಆಮೇಲೆ ವೇಟ್ ಹಾಕುತ್ತಿದ್ದರಲ್ಲವೇ? ನಮ್ಮ ಮನೆಯಲ್ಲಿ ಮೊದಲೇ ವೇಟ್ ಇಟ್ಟರೆ ಅಮ್ಮ ಗದರುತ್ತಿದ್ದರು. ಗಾಳಿಯನ್ನು ಹೊರಹಾಕುವ ಆ ಕ್ರಮವನ್ನೇ ಈ ಯಂತ್ರದ ಪಿನ್ ತಾನಾಗಿ ಮಾಡುತ್ತಿದೆ.

ಮೊದಲ ಹಂತಕ್ಕೆ ಹಿಡಿಯುವ ಸಮಯಕ್ಕೂ ಲೆಕ್ಕವಿದೆ. ಬೇಳೆ, ನೀರು ಎಲ್ಲ ಸೇರಿ 2 ಕಿಲೋ ಇದ್ದು 25 ಡಿಗ್ರಿಯಿಂದ 116ಕ್ಕೆ ಏರಬೇಕೆಂದರೆ ಸುಮಾರು 760 ಕಿಲೋಜೂಲ್ ಶಾಖ ಬೇಕು. 1000 ವಾಟ್‌ನ ಹೀಟರಿಗೆ ಅದು 13 ನಿಮಿಷದ ಕೆಲಸ, ಪಾತ್ರೆ ಕಾಯುವುದೂ ಸೇರಿದರೆ 15 ನಿಮಿಷವಾದೀತು. ನೀವು ಒತ್ತಿದ "10 ನಿಮಿಷ" ಇದಾದ ಮೇಲೆ ಶುರುವಾಗುತ್ತದೆ. ಹೀಟರಿನ ದೊಡ್ಡ ಖರ್ಚು ಆ ಮೊದಲ ಕಾಲು ಗಂಟೆಯದ್ದೇ; ಬಳಿಕ ಅದು ಆಗೀಗ ಮಾತ್ರ ಹೊತ್ತಿಕೊಳ್ಳುವುದರಿಂದ ಇಡೀ ಅಡುಗೆಗೆ ಮೂರನೇ ಒಂದು ಯೂನಿಟ್ಟಿನ ಆಸುಪಾಸಿನಲ್ಲಿ ಮುಗಿಯುತ್ತದೆ.

ಅವರೆಕಾಳು

ನಾನು ಅಡುಗೆ ಕಡೆಯವಳು, ಲೆಕ್ಕ ನನಗೆ ಬಾರದು. ಆದರೆ ಐದು ವರ್ಷದಿಂದ ದಿನವೂ ಇದರಲ್ಲೇ ಬೇಯಿಸುತ್ತಿರುವುದರಿಂದ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆ. ಕಲ್ಪತರುನಾಡು ಅವರೇ, ಬೇಳೆ "ಕಾಳು ಕಾಳಾಗಿ ಕಾಣುತ್ತದೆ" ಎಂದಿರಿ. ಅದನ್ನು ಬೆರಳಲ್ಲಿ ಹಿಸುಕಿ ನೋಡಿದಿರಾ? ಒಲೆಯ ಕುಕ್ಕರಿನಲ್ಲಿ ಪ್ರತಿ ಕೂಗಿಗೂ ಒಳಗಿನ ನೀರು ಒಮ್ಮೆಲೇ ಉಕ್ಕಿ ಕುದಿಯುತ್ತದೆ, ಬೇಳೆಗಳು ಒಂದಕ್ಕೊಂದು ಬಡಿದು ಒಡೆದು ಕಲಸಿಕೊಳ್ಳುತ್ತವೆ. ಇದರಲ್ಲಿ ಆವಿ ಹೊರಗೆ ಹೋಗುವುದೇ ಇಲ್ಲವಾದ್ದರಿಂದ ಒತ್ತಡ ಆದ ಮೇಲೆ ನೀರು ಹೆಚ್ಚುಕಡಿಮೆ ನಿಶ್ಚಲವಾಗಿರುತ್ತದೆ. ಬೇಳೆ ಇದ್ದಲ್ಲೇ ಇದ್ದು, ತನ್ನ ಆಕಾರ ಉಳಿಸಿಕೊಂಡೇ ಬೇಯುತ್ತದೆ. ನೋಡಲು ಇಡಿಯಾಗಿದ್ದರೂ ಮುಟ್ಟಿದರೆ ಬೆಣ್ಣೆ. ಸೌಟಿನ ಹಿಂಬದಿಯಿಂದ ನಾಲ್ಕು ಸಲ ತಿರುವಿ, ಇಲ್ಲವೇ ಕಡಗೋಲು ಆಡಿಸಿ; ಸಾರಿಗೆ ಬೇಕಾದ ಹದಕ್ಕೆ ಬರುತ್ತದೆ. ಬಸ್ಸಾರಿಗೆ ಕಾಳು ಬೇಯಿಸುವಾಗ ಈ ಗುಣ ವರವೇ ಸರಿ, ಹಿಚುಕಿದ ಅವರೆ ಒಂದೂ ಒಡೆಯದೆ ಮೇಲೆ ಬರುತ್ತದೆ.

ಬೇಳೆ ಬೇಯಿಸಿದ ಕೂಡಲೇ ಆವಿ ಬಿಡುವ ವಾಲ್ವನ್ನು ತಿರುಗಿಸಲು ಮಾತ್ರ ಹೋಗಬೇಡಿ. ನಾನು ಹಾಗೆ ಮಾಡಿ ಹಳದಿ ನೊರೆ ಅಡುಗೆಮನೆಯ ಮೇಲ್ಛಾವಣಿಗೆ ಹಾರಿದ್ದನ್ನು ಕಂಡಿದ್ದೇನೆ. ಕೈಗೂ ಬೊಬ್ಬೆ ಬಂತು.

ಉಷ್ಣಮಾಪಕ

ಅವರೆಕಾಳು ಅವರು ಲೆಕ್ಕ ಬಾರದೆನ್ನುತ್ತಲೇ ಲೆಕ್ಕದ ತಿರುಳನ್ನು ಹೇಳಿದ್ದಾರೆ. ವಾಲ್ವ್ ತೆರೆದಾಗ ಏನಾಗುತ್ತದೆಂದು ನಾನು ಸಂಖ್ಯೆಯಲ್ಲಿ ಹೇಳುತ್ತೇನೆ. 116 ಡಿಗ್ರಿಯಲ್ಲಿರುವ ನೀರಿನ ಮೇಲಿನ ಒತ್ತಡ ಥಟ್ಟನೆ ಇಳಿದರೆ ಅದು 100ಕ್ಕೆ ಮರಳಲೇಬೇಕು, ಹೆಚ್ಚಿನ ಶಾಖವನ್ನು ಬಿಟ್ಟುಕೊಡಲು ಇರುವ ದಾರಿ ಆವಿಯಾಗುವುದೊಂದೇ. ಒಂದು ಲೀಟರ್ ನೀರಿನಲ್ಲಿ ನೂರಕ್ಕೆ ಮೂರರಷ್ಟು, ಎಂದರೆ 30 ಗ್ರಾಂ, ಹೀಗೆ ಆವಿಯಾಗುತ್ತದೆ. ತೂಕದಲ್ಲಿ ಎರಡು ಚಮಚ ನೀರು. ಆದರೆ ಆವಿಯಾದಾಗ ಅದು 50 ಲೀಟರ್ ಜಾಗ ಬೇಡುತ್ತದೆ. ಪಾತ್ರೆಯ ತಳದಿಂದ ಮೇಲಿನವರೆಗೆ ಎಲ್ಲ ಕಡೆ ಏಕಕಾಲಕ್ಕೆ ಗುಳ್ಳೆಗಳೇಳುವುದರಿಂದ ಬೇಳೆಯ ಅಂಟುಕಟ್ಟು ನೊರೆಯಾಗಿ ವಾಲ್ವಿನ ಮೂಲಕ ಚಿಮ್ಮುತ್ತದೆ. ಬೇಳೆ, ಗಂಜಿ, ಪೊಂಗಲ್, ಪಾಯಸ ಇಂಥವಕ್ಕೆ ಪಿನ್ ತಾನಾಗಿ ಕೆಳಗಿಳಿಯುವವರೆಗೆ ಕಾಯಬೇಕು. ಹಾಗೆ ಕಾದ ಹದಿನೈದು ಇಪ್ಪತ್ತು ನಿಮಿಷದಲ್ಲೂ ಉಷ್ಣತೆ ಕುದಿಬಿಂದುವಿಗಿಂತ ಮೇಲೆಯೇ ಇರುವುದರಿಂದ ಅದೂ ಅಡುಗೆಯ ಸಮಯವೇ ಹೌದು. ಸೊಪ್ಪು, ಹೂಕೋಸಿನಂಥ ಬೇಗ ಬೇಯುವ ತರಕಾರಿಗಳು ಕಾದರೆ ಮುದ್ದೆಯಾಗುತ್ತವೆ. ಅವುಗಳಿಗೆ ಮಾತ್ರ ತಕ್ಷಣ ಆವಿ ಬಿಡುವುದು ಸರಿ.

ಮಿಷಿಗನ್_ಕನ್ನಡತಿ

ಇಲ್ಲಿ ಅಮೆರಿಕದಲ್ಲಿರುವ ನಮ್ಮ ಕನ್ನಡದ ಗೆಳತಿಯರಲ್ಲಿ ಈ ಕುಕ್ಕರ್ ಇಲ್ಲದವರು ಬಹಳ ಕಡಿಮೆ. ಕೆನಡಾದ ಒಟ್ಟಾವಾದಲ್ಲಿ ರಾಬರ್ಟ್ ವಾಂಗ್ ಮತ್ತು ಸಂಗಡಿಗರು 2010ರಲ್ಲಿ ಇನ್‌ಸ್ಟಂಟ್ ಪಾಟ್ ಎಂಬ ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರನ್ನು ಮಾರುಕಟ್ಟೆಗೆ ತಂದ ಮೇಲೆ ಇದು ಇಲ್ಲಿನ ಮನೆಮಾತಾಯಿತು. ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರಿಗೆ ಪೇಟೆಂಟ್ ಅರ್ಜಿ ಬಿದ್ದದ್ದು ಅದಕ್ಕೂ ಮೊದಲು, 1991ರಲ್ಲಿ, ಚೀನಾದಲ್ಲಿ. ಮುಚ್ಚಿದ ಪಾತ್ರೆಯಲ್ಲಿ ಆವಿ ಕಟ್ಟಿ ಮೂಳೆಯನ್ನೂ ಮೆತ್ತಗೆ ಮಾಡಬಹುದೆಂದು ಫ್ರಾನ್ಸಿನ ದನಿ ಪಾಪಾಂ 1679ರಲ್ಲೇ ಲಂಡನ್ನಿನ ರಾಯಲ್ ಸೊಸೈಟಿಗೆ ತೋರಿಸಿದ್ದರು, ಸೇಫ್ಟಿ ವಾಲ್ವ್ ಕೂಡ ಅವರದ್ದೇ ಕಲ್ಪನೆ.

ನಾನು ಬರೆಯಲು ಕಾರಣ ಬೇರೆ. ಹೋದ ವರ್ಷ ಊರಿಗೆ ಬರುವಾಗ ಅಮ್ಮನಿಗೆಂದು ಇಲ್ಲಿಂದ ಕುಕ್ಕರ್ ಹೊತ್ತು ತಂದೆ. ಪ್ಲಗ್ಗಿಗೆ ಅಡಾಪ್ಟರ್ ಹಾಕಿ ಚುಚ್ಚಿದೆ. ಒಮ್ಮೆ ಬೆಳಗಿ ಆರಿಹೋಯಿತು, ಸುಟ್ಟ ವಾಸನೆ ಬಂತು. ಎಷ್ಟು ಆಸೆಯಿಂದ ತಂದದ್ದೆಂದರೆ, ಅಮ್ಮ ಅದನ್ನು ಇವತ್ತಿಗೂ ಎಸೆಯದೆ ಬೀರುವಿನ ಮೇಲೆ ಇಟ್ಟಿದ್ದಾರೆ. ದುರಸ್ತಿ ಸಾಧ್ಯವೇ?

ದುರಸ್ತಿಮನೆ

ಅಕ್ಕಾ, ಅಲ್ಲಿನದು 120 ವೋಲ್ಟ್, ನಮ್ಮದು 230. ಅಡಾಪ್ಟರ್ ಪಿನ್ನಿನ ಆಕಾರವನ್ನು ಮಾತ್ರ ಬದಲಿಸುತ್ತದೆ, ವೋಲ್ಟೇಜನ್ನಲ್ಲ. ಹೀಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ 1000 ವಾಟ್‌ನ ಹೀಟರ್ ಇಲ್ಲಿ 3600 ವಾಟ್ ಮೀರಿ ಎಳೆಯಲು ಹೋಗುತ್ತದೆ. ಬಹುಪಾಲು ಸಲ ಅದಕ್ಕೂ ಮೊದಲೇ ಒಳಗಿನ ಸಣ್ಣ ಪವರ್ ಬೋರ್ಡ್ ಸುಟ್ಟಿರುತ್ತದೆ. ಆ ಬೋರ್ಡನ್ನು ಬದಲಿಸಿದರೂ ಹೀಟರ್ 120 ವೋಲ್ಟಿನದ್ದೇ ಆಗಿರುವುದರಿಂದ ನಮ್ಮ ಲೈನಿಗೆ ಹಾಕುವಂತಿಲ್ಲ. ಅಷ್ಟು ಶಕ್ತಿಯ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಭಾರದಲ್ಲೂ ಬೆಲೆಯಲ್ಲೂ ಹೊಸ ಕುಕ್ಕರಿಗೆ ಸಮ. ರಿಪೇರಿಗೆ ದುಡ್ಡು ಹಾಕಬೇಡಿ. ಒಳಪಾತ್ರೆ ಒಳ್ಳೆಯ ಸ್ಟೀಲಿನದ್ದಾಗಿರುತ್ತದೆ, ಅಮ್ಮ ಅದನ್ನು ಬೇರೆ ಅಡುಗೆಗೆ ಬಳಸಲಿ.

ಕೊಡಗಿನಮಳೆ

ಮಡಿಕೇರಿಯಿಂದ ಬರೆಯುತ್ತಿದ್ದೇನೆ. ಮಂಗಳೂರಿನ ತಂಗಿಯ ಮನೆಯಲ್ಲೂ ನಮ್ಮ ಮನೆಯಲ್ಲೂ ಒಂದೇ ಮಾದರಿಯ ಕುಕ್ಕರ್ ಇದೆ. ಅವಳು ಕಡಲೆಕಾಳಿಗೆ ಹೇಳಿದ ಸಮಯ ನಮ್ಮಲ್ಲಿ ಸಾಲುವುದಿಲ್ಲ. ಕುಕ್ಕರಿನೊಳಗೆ ಒತ್ತಡ ಎಲ್ಲ ಕಡೆ ಒಂದೇ ತಾನೇ?

ಇನ್ನೊಂದು ಪ್ರಶ್ನೆ ಇಡ್ಲಿಯದು. ಸ್ಟೀಮ್ ಬಟನ್ ಒತ್ತಿ, ವಾಲ್ವ್ ತೆರೆದಿಟ್ಟು ಇಡ್ಲಿ ಇಟ್ಟರೆ ಗಡಿಯಾರ ಓಡುವುದೇ ಇಲ್ಲ. ಹನ್ನೆರಡು ನಿಮಿಷವೆಂದು ಒತ್ತಿದ್ದು ಅರ್ಧ ಗಂಟೆಯಾದರೂ ಹನ್ನೆರಡರಲ್ಲೇ ನಿಂತಿತ್ತು.

ಉಷ್ಣಮಾಪಕ

ಒಂದೇ ಅಲ್ಲ. ಯಂತ್ರಕ್ಕೆ ತಿಳಿಯುವುದು ಒಳಗಿನ ಮತ್ತು ಹೊರಗಿನ ಒತ್ತಡಗಳ ವ್ಯತ್ಯಾಸ ಮಾತ್ರ, ಏಕೆಂದರೆ ಹೊರಗಿನ ಗಾಳಿಯೂ ತಳದಿಂದ ಮೇಲಕ್ಕೆ ಒತ್ತುತ್ತಿರುತ್ತದೆ. ಮಡಿಕೇರಿ 1100 ಮೀಟರಿಗಿಂತ ಮೇಲಿದೆ; ಅಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ 12-13 ಕಿಲೋಪ್ಯಾಸ್ಕಲ್‌ನಷ್ಟು ಕಡಿಮೆ. ಅದರ ಮೇಲೆ ಅದೇ 75ನ್ನು ಸೇರಿಸಿದರೆ ಒಳಗಿನ ಒಟ್ಟು ಒತ್ತಡವೂ ಅಷ್ಟೇ ಕಡಿಮೆಯಾಗಿ, ಮಂಗಳೂರಿನ 116ರ ಬದಲು ನಿಮ್ಮಲ್ಲಿ 114 ಡಿಗ್ರಿ. ತಂಗಿಯವರು 30 ನಿಮಿಷವೆಂದರೆ ನೀವು 34-35 ಇಡಿ. ತೆರೆದ ಪಾತ್ರೆಯಲ್ಲಿ ನಿಮ್ಮಿಬ್ಬರ ನಡುವೆ ನಾಲ್ಕು ಡಿಗ್ರಿ ಅಂತರವಿರುತ್ತದೆ, ಕುಕ್ಕರ್ ಅದನ್ನು ಅರ್ಧಕ್ಕೆ ಇಳಿಸಿದೆ.

ಇಡ್ಲಿಯ ವಿಷಯಕ್ಕೆ ದುರಸ್ತಿಮನೆಯವರು ಹೇಳಿದ್ದನ್ನೇ ನೆನೆಯಿರಿ. ವಾಲ್ವ್ ತೆರೆದಿದ್ದರೆ ಒತ್ತಡ ಕಟ್ಟುವುದಿಲ್ಲ, ಪಾತ್ರೆ ಕೆಳಗೆ ತಗ್ಗುವುದಿಲ್ಲ, ಸ್ವಿಚ್ ತೆರೆಯುವುದಿಲ್ಲ, ಹಾಗಾಗಿ ಎಣಿಕೆಯೂ ಆರಂಭವಾಗದು. ಇಡ್ಲಿಗೆ ಒತ್ತಡ ಬೇಡ. ನೀವು ಮಾಡಿದ ಕ್ರಮ ಸರಿಯೇ ಇದೆ. ಆವಿ ಬರತೊಡಗಿದಾಗ ಮೊಬೈಲಿನಲ್ಲಿ ಹನ್ನೆರಡು ನಿಮಿಷ ಇಟ್ಟುಕೊಂಡು ಕೈಯಾರೆ ಆಫ್ ಮಾಡಿ, ಕಡುಬಿಗೂ ಹಾಗೆಯೇ.

ಕಲ್ಪತರುನಾಡು

ಎಲ್ಲರ ಮಾತನ್ನೂ ಓದಿಕೊಂಡು ನಿನ್ನೆ ಮತ್ತೆ ಪ್ರಯತ್ನಿಸಿದೆ. 14 ನಿಮಿಷ ಇಟ್ಟೆ, ಪಿನ್ ತಾನಾಗಿ ಇಳಿಯುವವರೆಗೆ ಕಾದೆ. ಅವರೆಕಾಳು ಅವರು ಹೇಳಿದಂತೆ ಹಿಸುಕಿ ನೋಡಿದರೆ ಹೊರಗೆ ಮೆತ್ತಗಿದ್ದರೂ ನಡುವೆ ಇನ್ನೂ ಸಣ್ಣ ಗಟ್ಟಿ ಉಳಿದಿತ್ತು. ಮೊದಲಿಗಿಂತ ಬಹಳ ವಾಸಿ, ಪೂರ್ತಿ ಸರಿಯಾಗಿಲ್ಲ. ಇದರ ನಡುವೆ ಬಿಸಿಬೇಳೆಬಾತ್ ಮಾಡಲು ಹೋದಾಗ ಪರದೆಯ ಮೇಲೆ "ಬರ್ನ್" ಎಂದು ಬಂದು ಯಂತ್ರ ನಿಂತುಹೋಯಿತು. ನೀರು ಸಾಕಷ್ಟು ಹಾಕಿದ್ದೆ.

ಅವರೆಕಾಳು

ಬಿಸಿಬೇಳೆಬಾತಿನ ಪುಡಿ, ಹುಣಸೆರಸ, ಬೆಲ್ಲ ಎಲ್ಲವನ್ನೂ ಮೊದಲೇ ಹಾಕಿದಿರೆಂದು ಕಾಣುತ್ತದೆ. ಮಂದವಾದದ್ದು ತಳದಲ್ಲಿ ಕೂತರೆ ನೀರು ಅಲ್ಲಿ ಓಡಾಡುವುದಿಲ್ಲ, ತಳ ಕಾಯುತ್ತದೆ, ಸೆನ್ಸರ್ ಸೀದಿತೆಂದು ನಿಲ್ಲಿಸುತ್ತದೆ. ಒಗ್ಗರಣೆ ಮಾಡಿದ ಪಾತ್ರೆಯಲ್ಲೇ ಮುಂದುವರಿಸುವುದಾದರೆ ಅರ್ಧ ಲೋಟ ನೀರು ಹಾಕಿ ತಳಕ್ಕೆ ಹಿಡಿದದ್ದನ್ನು ಮರದ ಸೌಟಿನಿಂದ ಕೆರೆದು ಬಿಡಿಸಿ. ಆಮೇಲೆ ಬೇಳೆ, ಅಕ್ಕಿ, ತರಕಾರಿ, ನೀರು ಮಾತ್ರ ಹಾಕಿ ಮುಚ್ಚಿ. ಪುಡಿ, ಹುಳಿ, ಬೆಲ್ಲ ಎಲ್ಲ ಮುಚ್ಚಳ ತೆಗೆದ ಮೇಲೆ ಸೇರಿಸಿ ಐದು ನಿಮಿಷ ಕುದಿಸಿದರೆ ಹದವಾಗಿರುತ್ತದೆ. ಹುಳಿ ಮೊದಲೇ ಬಿದ್ದರೆ ಬೇಳೆ ಬೇಯುವುದೂ ಇಲ್ಲ. ಇದು ನಮ್ಮ ಅಜ್ಜಿ ಕಾಲದ ಮಾತು, ಕುಕ್ಕರ್ ಯಾವುದಾದರೂ ಇದೇ.

ನಿಮ್ಮಲ್ಲಿ ನೀರು ಎಲ್ಲಿಯದು, ನಲ್ಲಿಯದೋ ಬೋರಿನದೋ?

ಕಲ್ಪತರುನಾಡು

ಬೋರ್‌ವೆಲ್ಲಿನದು. ಪಾತ್ರೆಗೆಲ್ಲ ಬಿಳಿ ಕರೆ ಕಟ್ಟುತ್ತದೆ. ಕುಡಿಯಲು ಮಾತ್ರ ಫಿಲ್ಟರ್ ನೀರು ತರುತ್ತೇವೆ.

ಉಷ್ಣಮಾಪಕ

ಅವರೆಕಾಳು ಅವರು ಕೇಳಿದ ಪ್ರಶ್ನೆಯನ್ನು ನಾನು ಮೊದಲೇ ಕೇಳಬೇಕಿತ್ತು. ಬೇಳೆಯ ಕಣಗಳನ್ನು ಒಂದಕ್ಕೊಂದು ಅಂಟಿಸಿಟ್ಟಿರುವುದು ಪೆಕ್ಟಿನ್ ಎಂಬ ವಸ್ತು. ಅದು ಕರಗಿದಾಗಲೇ ಬೇಳೆ ಮೆತ್ತಗಾಗುವುದು. ಗಡಸು ನೀರಿನ ಕ್ಯಾಲ್ಸಿಯಂ ಆ ಪೆಕ್ಟಿನ್ನಿನ ಎಳೆಗಳ ನಡುವೆ ಸೇರಿ ಅವನ್ನು ಇನ್ನಷ್ಟು ಗಟ್ಟಿಯಾಗಿ ಹೆಣೆದುಬಿಡುತ್ತದೆ. ಹುಳಿಯೂ ಪೆಕ್ಟಿನ್ ಕರಗುವುದನ್ನು ತಡೆಯುತ್ತದೆ, ಆದ್ದರಿಂದ ಅಜ್ಜಿಯವರ ಮಾತು ಸರಿ. ಒಲೆಯ ಕುಕ್ಕರಿನಲ್ಲಿ ಇದೇ ನೀರಿನಿಂದಲೂ ನಿಮಗೆ ಬೇಯುತ್ತಿದ್ದುದಕ್ಕೆ ಎರಡು ಕಾರಣಗಳಿರಬೇಕು: ಅಲ್ಲಿನ ನಾಲ್ಕು ಡಿಗ್ರಿ ಹೆಚ್ಚಿನ ಉಷ್ಣತೆ, ಮತ್ತು ಒಡೆದು ಕಲಸುವ ಆ ಕುದಿತ.

ಒಂದು ಪರೀಕ್ಷೆ ಮಾಡಿ. ಕುಕ್ಕರಿನ ತಳಕ್ಕೆ ಎರಡು ಲೋಟ ನೀರು ಹಾಕಿ ಸ್ಟ್ಯಾಂಡ್ ಇಡಿ. ಎರಡು ಸಣ್ಣ ಸ್ಟೀಲ್ ಬಟ್ಟಲುಗಳಲ್ಲಿ ಒಂದೇ ಡಬ್ಬದ ಬೇಳೆಯನ್ನು ಒಂದೇ ಅಳತೆಯಲ್ಲಿ ಹಾಕಿ, ಒಂದಕ್ಕೆ ಬೋರ್ ನೀರು, ಇನ್ನೊಂದಕ್ಕೆ ಫಿಲ್ಟರ್ ನೀರು ಎರೆಯಿರಿ. ಎರಡೂ ಒಟ್ಟಿಗೆ ಒಂದೇ ಕುಕ್ಕರಿನಲ್ಲಿ, ಒಂದೇ ಉಷ್ಣತೆಯಲ್ಲಿ, ಅಷ್ಟೇ ನಿಮಿಷ ಬೇಯುತ್ತವೆ. ವ್ಯತ್ಯಾಸ ಬಂದರೆ ಅದು ನೀರಿನದ್ದೇ.

ಮಿಷಿಗನ್_ಕನ್ನಡತಿ

ಇದನ್ನು ಓದುವ ಹೊಸಬರಿಗಾಗಿ ಒಂದು ಎಚ್ಚರಿಕೆ ಸೇರಿಸುತ್ತೇನೆ. ಹಲವು ಮಾದರಿಗಳಲ್ಲಿ "ಸ್ಲೋ ಕುಕ್" ಎಂಬ ಬಟನ್ ಕೂಡ ಇರುತ್ತದೆ. ಅದರಲ್ಲಿ ಒತ್ತಡ ಇರುವುದಿಲ್ಲ, ನೀರು ಕುದಿಯುವ ಮಟ್ಟಕ್ಕೂ ಹೋಗದಿರಬಹುದು. ಹಸಿ ರಾಜ್ಮಾ ಕಾಳನ್ನು ದಯವಿಟ್ಟು ಅದರಲ್ಲಿ ಬೇಯಿಸಬೇಡಿ. ರಾಜ್ಮಾದಲ್ಲಿ ಲೆಕ್ಟಿನ್ ಎಂಬ ನಂಜಿನ ಅಂಶವಿದ್ದು, ಅದು ಚೆನ್ನಾಗಿ ಕುದಿದರೆ ಮಾತ್ರ ನಾಶವಾಗುತ್ತದೆ. ಅರೆಬೆಂದ ಕೆಲವೇ ಕಾಳು ತಿಂದರೂ ವಾಂತಿ ಭೇದಿ ಹಿಡಿಯುತ್ತದೆ. ರಾತ್ರಿ ನೆನೆಸಿ, ಆ ನೀರನ್ನು ಚೆಲ್ಲಿ, ಪ್ರೆಶರಿನಲ್ಲೇ ಬೇಯಿಸಿ. ಹಾಗೆಯೇ ಇಲ್ಲಿನವರು ಬಾಟಲಿಯಲ್ಲಿ ತರಕಾರಿ ತುಂಬಿ ವರ್ಷಗಟ್ಟಲೆ ಇಡಲು ಈ ಕುಕ್ಕರನ್ನು ಬಳಸುವುದುಂಟು. ಬೊಟ್ಯುಲಿಸಂ ಎಂಬ ಮಾರಕ ಆಹಾರ ನಂಜನ್ನು ತರುವ ಬೀಜಕಣಗಳು ಸಾಯಲು ಬೇಕಾದ ಉಷ್ಣತೆಯನ್ನು ಇದು ಖಚಿತವಾಗಿ ಕೊಡುವುದಿಲ್ಲವಾದ್ದರಿಂದ ಅದೂ ಸಲ್ಲದು.

ಕಲ್ಪತರುನಾಡು

ಪರೀಕ್ಷೆ ಇಂದು ಬೆಳಿಗ್ಗೆ ಮುಗಿಯಿತು. ಅತ್ತೆಯವರೇ ಎರಡೂ ಬಟ್ಟಲುಗಳಿಗೆ ಒಂದೇ ಪಾವಿನಲ್ಲಿ ಬೇಳೆ ಅಳೆದು ಹಾಕಿದರು. ಫಿಲ್ಟರ್ ನೀರಿನ ಬಟ್ಟಲು ಗೊತ್ತಾಗಲೆಂದು ಅದರಲ್ಲಿ ಒಂದು ಕರಿಬೇವಿನ ಎಲೆ ಇಟ್ಟರು. 14 ನಿಮಿಷದ ಬಳಿಕ ಪಿನ್ ಇಳಿಯಲು ಮತ್ತೆ 18 ನಿಮಿಷ ಹಿಡಿಯಿತು. ಕರಿಬೇವಿದ್ದ ಬಟ್ಟಲಿನ ಬೇಳೆ ಬೆರಳು ತಾಗಿದ ಕೂಡಲೇ ಕರಗಿತು. ಬೋರ್ ನೀರಿನದ್ದರಲ್ಲಿ ನಡುವಿನ ಗಟ್ಟಿ ಹಾಗೆಯೇ ಇತ್ತು. ಅದನ್ನು ಇನ್ನೂ 8 ನಿಮಿಷ ಇಟ್ಟ ಮೇಲೆ ಸರಿಯಾಯಿತು.

ಅತ್ತೆಯವರು ಮುಚ್ಚಳದ ಪಕ್ಕದ ಗೋಡೆಯ ಮೇಲೆ ಪೆನ್ಸಿಲಿನಲ್ಲಿ "ಬೇಳೆ ಫಿಲ್ಟರ್ ನೀರು 14, ಬೋರ್ 22" ಎಂದು ಬರೆದಿದ್ದಾರೆ. ದುರಸ್ತಿಮನೆ ಅಣ್ಣನವರಿಗೆ ಅವರದೊಂದು ಪ್ರಶ್ನೆ ಉಳಿದಿದೆ: ಇಂಗು, ಬೆಳ್ಳುಳ್ಳಿಯ ವಾಸನೆ ಗ್ಯಾಸ್ಕೆಟ್ಟಿಗೆ ಹಿಡಿದು ಪಾಯಸಕ್ಕೂ ಬರುತ್ತಿದೆ, ಏನು ಮಾಡುವುದು?

ದುರಸ್ತಿಮನೆ

ಅಮ್ಮನವರಿಗೆ ನಮಸ್ಕಾರ ತಿಳಿಸಿ. ಸಿಲಿಕೋನ್ ಗ್ಯಾಸ್ಕೆಟ್ ಬಿಸಿಯಲ್ಲಿ ವಾಸನೆಯನ್ನು ಹೀರಿಕೊಳ್ಳುತ್ತದೆ, ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಅದೇ ಮಾದರಿಯ ಇನ್ನೊಂದು ಗ್ಯಾಸ್ಕೆಟ್ ತಂದು ಸಿಹಿಗೆಂದೇ ಬೇರೆ ಇಟ್ಟುಕೊಳ್ಳಿ. ಬದಲಿಸುವಾಗ ಒಳಗಿನ ತಂತಿಯ ಬಳೆಯ ಹಿಂದೆ ಸುತ್ತಲೂ ಸಮನಾಗಿ ಕೂತಿದೆಯೇ ಎಂದು ಬೆರಳಾಡಿಸಿ ನೋಡಬೇಕು. ಒಂದು ಕಡೆ ಎದ್ದಿದ್ದರೂ ಆವಿ ಅಲ್ಲಿಂದಲೇ ಸೋರಿ ಪಿನ್ ಏಳುವುದಿಲ್ಲ.